ಎಲೆಯ ಅಡಿಭಾಗ ತೋರಿಸಿ

ಜೂನ್ ನಡುವಿನಲ್ಲಿ ಮಿಥುನ ತಿಂಗಳು ಕಾಲಿಟ್ಟಿತೆಂದರೆ ನನ್ನ ಅಂಗಡಿಯ ಮೇಜಿನ ಮೇಲೆ ರೋಗ ಹಿಡಿದ ಎಲೆಗಳು ಬೀಳತೊಡಗುತ್ತವೆ. ಮುಳ್ಳುಸೌತೆಯ ಎಲೆ, ಹಾಗಲದ ಎಲೆ, ಅಲಸಂಡೆಯ ಎಲೆ, ಕೆಲವೊಮ್ಮೆ ಬೇರುಸಹಿತ ಕಿತ್ತು ತಂದ ಬದನೆ ಗಿಡ. ಒಬ್ಬರು ಹಾಲಿನ ಖಾಲಿ ತೊಟ್ಟೆಯಲ್ಲಿ ಜೋಪಾನವಾಗಿ ತರುತ್ತಾರೆ, ಇನ್ನೊಬ್ಬರು ಅಂಗಿಯ ಕಿಸೆಯಿಂದ ಮುದುಡಿದ್ದನ್ನು ತೆಗೆದು ಬೆರಳಿನಲ್ಲಿ ಬಿಡಿಸುತ್ತಾರೆ. ಈಚೆಗೆ ಮೊಬೈಲಿನಲ್ಲಿ ಚಿತ್ರ ತೋರಿಸುವವರೇ ಹೆಚ್ಚು. ಚಿತ್ರ ನೋಡಿ ನಾನು ಮದ್ದು ಹೇಳುವುದಿಲ್ಲ. ಎಲ್ಲರೂ ಎಲೆಯ ಮೇಲ್ಭಾಗದ ಚಿತ್ರವನ್ನೇ ತೆಗೆದಿರುತ್ತಾರೆ. ನನಗೆ ಬೇಕಾದದ್ದು ಅಡಿಭಾಗ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಗೊಬ್ಬರದ ಅಂಗಡಿ. ಅಡಿಕೆ ತೋಟದವರಿಂದಲೇ ಅದು ನಡೆಯುತ್ತದೆ. ಮೈಲುತುತ್ತು, ಸುಣ್ಣ, ರಾಳ ಇವು ಮಳೆಗಾಲಕ್ಕೆ ಮೊದಲೇ ಗೋಣಿಗಟ್ಟಲೆ ಬಂದು ಬೀಳುತ್ತವೆ, ಹಾಗೆಯೇ ಹೋಗುತ್ತವೆ. ತರಕಾರಿಯವರಿಂದ ವ್ಯಾಪಾರ ಅಷ್ಟಕ್ಕಷ್ಟೆ, ಮಾತು ಮಾತ್ರ ಧಾರಾಳ. ಆದರೂ ಆ ಮಾತು ನನಗೆ ಇಷ್ಟ, ಏಕೆಂದರೆ ಅಂಗಡಿಯ ಹಿಂದೆ ನನ್ನದೂ ಒಂದಿಷ್ಟು ನೆಟ್ಟಿಕಾಯಿ ಸಾಲು ಇದೆ. ಇನ್ನೊಂದು ಕಾರಣ ಪೊಟ್ಟಣದ ಮೇಲಿನ ಬರಹ. ಇಲ್ಲಿಗೆ ಬರುವ ಪೊಟ್ಟಣಗಳ ಮೇಲೆ ಮಲಯಾಳವೋ ಇಂಗ್ಲಿಷೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನನ್ನ ಕೈಗೆ ಕೊಡುತ್ತಾರೆ. ನಾನು ಓದಿ ಹೇಳಬೇಕು. ಹೇಳುತ್ತಾ ಹೇಳುತ್ತಾ ಒಂದು ಪಾಠವೇ ಆಗಿಬಿಡುತ್ತದೆ. ತರಕಾರಿಯ ಬೂಸರಿಗೆ ಸಾವಯವ ಮದ್ದು ಯಾವುದೆಂದು ಹೇಳುವ ಈ ಬರಹವನ್ನೂ ಹಾಗೆಯೇ ಓದಿಕೊಳ್ಳಿ.

"ಭಾವ, ವಿಷ ಇಲ್ಲದ್ದು ಕೊಡಿ. ಎಲ್ಲ ಬೂಸರಿಗೂ ಆಗಬೇಕು."

"ಎಲ್ಲದಕ್ಕೂ ಆಗುವ ಒಂದು ಮದ್ದು ಇದ್ದಿದ್ದರೆ ಇಷ್ಟು ಡಬ್ಬಿಗಳನ್ನು ನಾನು ಯಾಕೆ ಇಟ್ಟುಕೊಳ್ಳುತ್ತಿದ್ದೆ ಭಾವ?"

ವಾರಕ್ಕೆ ಹಲವು ಸಲ ನಡೆಯುವ ಸಂಭಾಷಣೆ ಇದು. 'ವಿಷ ಇಲ್ಲದ್ದು' ಎಂಬ ಬೇಡಿಕೆ ನಮ್ಮ ಊರಿನಲ್ಲಿ ಶೋಕಿಯಿಂದ ಹುಟ್ಟಿದ್ದಲ್ಲ. ಎಣ್ಮಕಜೆ ನಮಗೆ ಪಕ್ಕದ ಪಂಚಾಯತು. ಅಲ್ಲಿಯ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ, 2000ದ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಣ್ಣಾರೆ ಕಂಡವರು ನನ್ನ ಗಿರಾಕಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದರಿಂದ ಕಾಯಿಲೆಗೆ ಬಿದ್ದವರನ್ನು ಮನೆಯೊಳಗೇ ಇಟ್ಟುಕೊಂಡು ಸಾಕುತ್ತಿರುವವರೂ ಇದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ತಡೆಯಿತು. ಅದು ಗೇರಿನ ಚಹಾ ಸೊಳ್ಳೆಗೆಂದು ಬಿಟ್ಟ ಕೀಟನಾಶಕ, ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಹೆದರಿದ ಮನಸ್ಸು ಡಬ್ಬಿ ಡಬ್ಬಿಗೂ ವ್ಯತ್ಯಾಸ ಹುಡುಕುವುದಿಲ್ಲ, ಹುಡುಕಬೇಕೆಂದು ನಾನು ಹೇಳುವುದೂ ಇಲ್ಲ. ನನ್ನ ತಕರಾರು ಬೇರೆ. ವಿಷ ಬೇಡವೆನ್ನುವವರು ರೋಗ ಯಾವುದೆಂದು ನೋಡುವ ಕೆಲಸವನ್ನೂ ಬೇಡವೆನ್ನುತ್ತಾರೆ. ರಾಸಾಯನಿಕ ಮದ್ದಿನಲ್ಲಿ ಆ ಸೋಮಾರಿತನ ಒಂದಷ್ಟು ನಡೆದುಹೋಗುತ್ತದೆ, ಏಕೆಂದರೆ ಕೆಲವು ಮದ್ದುಗಳು ಹತ್ತು ರೋಗಗಳನ್ನು ಒಟ್ಟಿಗೇ ಹೊಡೆಯುತ್ತವೆ. ಸಾವಯವದಲ್ಲಿ ಸ್ವಲ್ಪವೂ ನಡೆಯುವುದಿಲ್ಲ.

ಮೇಜಿನ ಖಾನೆಯಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇನೆ. ಮುಳ್ಳುಸೌತೆಯ ಎಲೆ ಬಂದರೆ ಮೊದಲು ಹೆಬ್ಬೆರಳಿನಿಂದ ಮೇಲ್ಭಾಗವನ್ನು ಉಜ್ಜುತ್ತೇನೆ. ಬಿಳಿ ಹುಡಿ ಬೆರಳಿಗೆ ಅಂಟಿ, ಕೆಳಗೆ ಎಲೆ ಇನ್ನೂ ಹಸುರಾಗಿಯೇ ಕಂಡರೆ ಅದು ಬೂದಿರೋಗ. ಹುಡಿಯಿಲ್ಲದೆ ಹಳದಿ ಕಲೆಗಳಿದ್ದು, ಆ ಕಲೆಗಳ ಅಂಚು ಎಲೆಯ ನರಗಳ ಗುಂಟ ನೇರವಾಗಿ ಕತ್ತರಿಸಿದ ಹಾಗಿದ್ದರೆ ಎಲೆಯನ್ನು ಮಗುಚಿ ನೋಡುತ್ತೇನೆ. ಇಬ್ಬನಿ ಆರದ ಹೊತ್ತಿನಲ್ಲಿ ಕಿತ್ತ ಎಲೆಯಾದರೆ ಕಲೆಯ ಹಿಂಬದಿಯಲ್ಲೇ ಬೂದುಬಣ್ಣದ, ತುಸು ನೇರಳೆ ಛಾಯೆಯ ತುಪ್ಪಟ ಕನ್ನಡಿಯಡಿ ನೆಟ್ಟಗೆ ನಿಂತಿರುತ್ತದೆ. ಇದು ಬೂಜುತುಪ್ಪಟ ರೋಗ. ಮಧ್ಯಾಹ್ನ ತಂದರೆ ಆ ತುಪ್ಪಟ ಒಣಗಿ ಮಾಯವಾಗಿರುತ್ತದೆ, ಹಳದಿ ಕಲೆ ಮಾತ್ರ ಉಳಿದಿರುತ್ತದೆ. ಆದುದರಿಂದ ಬೆಳಗ್ಗೆಯೇ ತನ್ನಿ ಎನ್ನುತ್ತೇನೆ.

ಎರಡೂ ಎಲೆಯ ಮೇಲಿನ ಬೂಸರೇ ಎಂದು ಒಂದೇ ಮದ್ದು ಹೊಡೆದರೆ ದುಡ್ಡು ದಂಡ. ಬೂದಿರೋಗದ್ದು ನಿಜವಾದ ಶಿಲೀಂಧ್ರ. ಅದಕ್ಕೆ ಎಲೆ ನೆನೆಯಬೇಕೆಂದಿಲ್ಲ; ಧಾರಾಕಾರ ಮಳೆಯಲ್ಲಿ ಅದು ಸೊರಗುತ್ತದೆ. ಕುಂಭ, ಮೀನ ತಿಂಗಳುಗಳಲ್ಲಿ ಕೊಯ್ಲಾದ ಗದ್ದೆಗೆ ಗುಡ್ಡ ಕೊರೆದ ಸುರಂಗದ ನೀರನ್ನೋ ತೋಡಿಗೆ ಹಾಕಿದ ಕಟ್ಟದ ನೀರನ್ನೋ ಹಾಯಿಸಿ ಬೆಳೆಯುವ ಬೇಸಗೆ ಸಾಲುಗಳಲ್ಲಿ ಅದರ ಹಾವಳಿ. ಬೂಜುತುಪ್ಪಟದ್ದು ಶಾಸ್ತ್ರದ ಪ್ರಕಾರ ಶಿಲೀಂಧ್ರವೇ ಅಲ್ಲ, ಪಾಚಿಗಳ ಕಡೆಯ ಸಂಬಂಧಿ. ನಮ್ಮ ಅಡಿಕೆಗೆ ಬರುವ ಮಹಾಳಿ ಎಂಬ ಕೊಳೆರೋಗದ್ದೂ ಅದೇ ಕುಲ. ಅದರ ಬೀಜಕಣ ಮೊಳೆಯಬೇಕಾದರೆ ಎಲೆಯ ಮೇಲೆ ನೀರಿನ ಪಸೆ ಕೆಲವು ಗಂಟೆಗಳಾದರೂ ನಿಲ್ಲಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ಆ ಪಸೆಗೆ ಬರವೇ? ಗಂಧಕದ ಹುಡಿ ಬೂದಿರೋಗಕ್ಕೆ ಒಳ್ಳೆಯ ಮದ್ದು, ಬೂಜುತುಪ್ಪಟಕ್ಕೆ ಅದನ್ನು ಹೊಡೆಯುವುದು ವ್ಯರ್ಥ. ಸೌತೆ, ಕುಂಬಳದ ಜಾತಿಗೆ ಬಿಸಿಲು ಏರಿದ ದಿನ ಗಂಧಕ ಹೊಡೆದರೆ ಎಲೆ ಸುಟ್ಟುಹೋಗುವುದೂ ಇದೆ.

ಬೇಸಗೆಯ ಬೂದಿರೋಗಕ್ಕೆ ಅಡುಗೆಮನೆಯ ಮದ್ದುಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಇದನ್ನು ಹೇಳಿದಾಗ ವಿಜ್ಞಾನ ಓದಿದ ಹುಡುಗರು ನಗುತ್ತಾರೆ. ಬ್ರೆಜಿಲ್ ದೇಶದ ವಾಗ್ನರ್ ಬೆಟ್ಟಿಯೋಲ್ ಎಂಬ ವಿಜ್ಞಾನಿ ಹಸಿರುಮನೆಯ ಜುಕಿನಿ ಬಳ್ಳಿಗೆ ಹಸುವಿನ ಹಾಲು ಸಿಂಪಡಿಸಿ ನೋಡಿ 1999ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಹತ್ತು ಪಾಲಿನಲ್ಲಿ ಒಂದು ಪಾಲು ಹಾಲಿರುವ ನೀರನ್ನು ವಾರ ತಪ್ಪದೆ ಸಿಂಪಡಿಸಿದರೆ ಬೂದಿರೋಗ ಹತೋಟಿಗೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಜುಕಿನಿ ನಮ್ಮ ಚೀನಿಕಾಯಿಯ ಬಳಗದ್ದೇ. ಲೀಟರಿಗೆ ಐವತ್ತು ರೂಪಾಯಿ ದಾಟಿದ ಹಾಲನ್ನು ಬಳ್ಳಿಗೆ ಹೊಡೆಯಲು ಮನೆಯ ಹೆಂಗಸರು ಒಪ್ಪುವುದಿಲ್ಲ, ಅದು ಬೇರೆ ವಿಷಯ. ಮಜ್ಜಿಗೆಗೆ ಒಪ್ಪುತ್ತಾರೆ. ಹುಳಿ ಬಂದ ಮಜ್ಜಿಗೆಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ ಹೊಡೆಯಿರಿ. ಸೋಸದಿದ್ದರೆ ಪಂಪಿನ ಮೂತಿ ಕಟ್ಟಿಕೊಂಡು ಅರ್ಧ ದಿನ ಅದನ್ನು ಚುಚ್ಚುತ್ತಾ ಕೂರಬೇಕಾಗುತ್ತದೆ. ಅಡುಗೆ ಸೋಡವೂ ಆಗುತ್ತದೆ. ಲೀಟರಿಗೆ ಐದು ಗ್ರಾಮಿನಷ್ಟು, ಜತೆಗೆ ಎಲೆಗೆ ಅಂಟಲು ಸೋಪಿನ ನೀರು ಕೆಲವು ಹನಿ. ಸೋಡವನ್ನು ಮತ್ತೆ ಮತ್ತೆ ಹೊಡೆದರೆ ಮಣ್ಣಿಗೆ ಉಪ್ಪಿನಂಶ ಸೇರುತ್ತದೆ, ಎಳೆಯ ಎಲೆ ಸುಡುವುದೂ ಉಂಟು. ನನ್ನ ಓಟು ಮಜ್ಜಿಗೆಗೆ.

ಇವೆಲ್ಲ ಹುಡಿ ಎಲೆಯಿಡೀ ಹರಡಿದ ಮೇಲೆ ಹೊಡೆಯುವ ಮದ್ದುಗಳಲ್ಲ. ಬುಡದ ಎಲೆಯಲ್ಲಿ ಕಾಸಿನಗಲದ ಬಿಳಿ ಚುಕ್ಕೆ ಕಂಡ ದಿನವೇ ಶುರು ಮಾಡಬೇಕು. ಬೂದಿ ಎರಚುವ ಹಳೆಯ ಕ್ರಮದ ಬಗ್ಗೆಯೂ ಕೇಳುತ್ತಾರೆ. ಬೆಳಗಿನ ಇಬ್ಬನಿಯಲ್ಲಿ ಒಲೆಬೂದಿ ಎರಚಿದರೆ ಸೌತೆಯ ಎಲೆ ತಿನ್ನುವ ದುಂಬಿ ದೂರವಾಗುತ್ತದೆ. ಬೂಸರಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಶಿಲೀಂಧ್ರ ಎಂದುಕೊಂಡು ತಂದದ್ದು ಶಿಲೀಂಧ್ರವೇ ಅಲ್ಲದಿರುವ ಸಂದರ್ಭಗಳು ಎಷ್ಟೋ. ಬೆಂಡೆಯ ಎಲೆಯಲ್ಲಿ ನರಗಳೆಲ್ಲ ಹಳದಿಯಾಗಿ ಬಲೆ ಹೆಣೆದ ಹಾಗೆ ಕಂಡರೆ ಅದು ಬಿಳಿನೊಣ ಹೊತ್ತು ತಂದ ವೈರಸ್; ಗಿಡ ಕಿತ್ತು ಸುಡುವುದೊಂದೇ ದಾರಿ. ಬದನೆಯದ್ದು ಇನ್ನೂ ಮೋಸದ ಕಾಯಿಲೆ. ನಿನ್ನೆ ಸಂಜೆ ನೆಟ್ಟಗೆ ನಿಂತಿದ್ದ ಗಿಡ ಇವತ್ತು ಮಧ್ಯಾಹ್ನ ಹಸುರೆಲೆಯಲ್ಲೇ ಜೋಲುತ್ತದೆ. ನೀರು ಸಾಲದು ಎಂದು ನೀರು ಹೊಯ್ಯುತ್ತಾರೆ, ಬುಡಕೊಳೆ ಎಂದು ಮದ್ದು ಹೊಯ್ಯುತ್ತಾರೆ. ಮೇಜಿನ ಮೇಲೆ ಬಂದ ಅಂಥ ಗಿಡದ ಬುಡದಿಂದ ಎರಡು ಬೆರಳುದ್ದದ ತುಂಡನ್ನು ಕತ್ತರಿಸಿ, ಚಹಾ ಕುಡಿಯುವ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತುಂಡಿನ ಕೆಳತುದಿ ನೀರಿಗೆ ತಾಗುವಂತೆ ಹಿಡಿಯುತ್ತೇನೆ. ಲೋಟವನ್ನು ಅಲುಗಿಸಬಾರದು. ಒಂದೆರಡು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಬಿಳಿಯ ಸಣ್ಣ ಎಳೆ ಇಳಿಯತೊಡಗುತ್ತದೆ, ತಳ ಮುಟ್ಟುವ ಮೊದಲೇ ಕದಡಿ ನೀರು ಮಬ್ಬಾಗುತ್ತದೆ. ಅದು ಬ್ಯಾಕ್ಟೀರಿಯಾ, ಲಕ್ಷ ಕೋಟಿಗಳ ಲೆಕ್ಕದಲ್ಲಿ. ತಂದವರು ಬಗ್ಗಿ ನೋಡುತ್ತಾ ಮಾತು ನಿಲ್ಲಿಸುತ್ತಾರೆ. ಎಳೆ ಇಳಿಯದೆ, ಕಾಂಡದೊಳಗೆ ಕಂದು ಗೆರೆ ಮಾತ್ರ ಇದ್ದರೆ ಶಿಲೀಂಧ್ರದ ಸೊರಗು ಎಂದು ಭಾವಿಸಬಹುದು.

ಬ್ಯಾಕ್ಟೀರಿಯಾದ ಸೊರಗು ಬಂದ ಗಿಡವನ್ನು ಉಳಿಸುವ ಮದ್ದು ನನ್ನ ಅಂಗಡಿಯಲ್ಲಿ ಇಲ್ಲ, ಬೇರೆ ಅಂಗಡಿಯಲ್ಲೂ ಇಲ್ಲ. ನಮ್ಮ ಮುರಕಲ್ಲಿನ ಹುಳಿ ಮಣ್ಣು ಅದಕ್ಕೆ ತವರು. ಗಿಡವನ್ನು ಬುಡದ ಮಣ್ಣುಸಹಿತ ತೆಗೆದು ಹಾಕಿ, ಗುಂಡಿಗೆ ಸುಣ್ಣ ಹಾಕಿ, ಆ ಸಾಲಿನಲ್ಲಿ ಬದನೆ, ಮೆಣಸು, ಟೊಮೆಟೊ ಮೂರನ್ನೂ ಕೆಲವು ವರ್ಷ ನೆಡಬಾರದು. ನೆಡಲೇಬೇಕೆಂದಾದರೆ ಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಬದನೆ ನೆಡಿ. ಇಲ್ಲವೇ ಕೇರಳ ಕೃಷಿ ವಿಶ್ವವಿದ್ಯಾನಿಲಯದ ತಳಿಗಳನ್ನು ಹುಡುಕಿ: ಬದನೆಯಲ್ಲಿ ಸೂರ್ಯ, ಶ್ವೇತ, ಮೆಣಸಿನಲ್ಲಿ ಉಜ್ವಲ, ಅನುಗ್ರಹ, ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ. ಈ ರೋಗವನ್ನು ತಾಳಿಕೊಳ್ಳಲೆಂದೇ ಅವನ್ನು ಬೆಳೆಸಿದ್ದು.

ಇನ್ನು ಮಣ್ಣಿನ ಮಾತು. ಬಿತ್ತಿದ ಬೀಜ ಮೊಳೆತು, ಎರಡೆಲೆಯಾಗಿ, ಬುಡದಲ್ಲಿ ನೀರುಗಟ್ಟಿದಂತೆ ಮೆತ್ತಗಾಗಿ ಸಾಲುಸಾಲೇ ಮಗುಚಿ ಬೀಳುವುದನ್ನು ಮಳೆಗಾಲದಲ್ಲಿ ಕಾಣದವರಿಲ್ಲ. ಬಿದ್ದ ಸಸಿಗೆ ಮದ್ದಿಲ್ಲ, ಬೀಳದ ಹಾಗೆ ಮೊದಲೇ ನೋಡಿಕೊಳ್ಳಬೇಕು. ಹಿಂದಿನವರು ಸುಡುಮಣ್ಣು ಮಾಡುತ್ತಿದ್ದರು. ತರಗೆಲೆ, ಸಣ್ಣ ಕಟ್ಟಿಗೆ, ತೆಂಗಿನ ಸಿಪ್ಪೆಯ ಮೇಲೆ ಮಣ್ಣು, ಮತ್ತೆ ಕಸ, ಮತ್ತೆ ಮಣ್ಣು, ಹೀಗೆ ಪದರ ಪದರವಾಗಿ ಗುಪ್ಪೆ ಹಾಕಿ ಅಡಿಯಿಂದ ಬೆಂಕಿ ಕೊಡುವುದು. ಉರಿಯಬಾರದು, ಹೊಗೆಯಾಡುತ್ತಾ ಬೇಯಬೇಕು. ಮಣ್ಣಿನೊಳಗಿನ ಕೊಳೆರೋಗದ ಮೂಲ ಬಿಸಿಗೆ ಸಾಯುತ್ತದೆ, ಬೂದಿ ಸೇರಿ ಮಣ್ಣಿನ ಹುಳಿಯೂ ತಗ್ಗುತ್ತದೆ. ಇವತ್ತು ಅಷ್ಟು ತರಗೆಲೆ ಗುಡಿಸುವವರಿಲ್ಲ. ಅದರ ಬದಲಿಗೆ ಏಪ್ರಿಲ್ ತಿಂಗಳ ಬಿಸಿಲು ಪುಕ್ಕಟೆ ಸಿಗುತ್ತದೆ. ಸಸಿ ಮಾಡುವ ಏರಿಯನ್ನು ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಮೆತ್ತಿ ನಾಲ್ಕರಿಂದ ಆರು ವಾರ ಬಿಡಿ. ಹಾಳೆ ಕಪ್ಪಾಗಿರಬಾರದು, ಬಿಸಿಲು ಒಳಗೆ ಹೋಗಬೇಕು. ಮೇ ಕೊನೆಯ ವಾರದ ಪತ್ತನಾಜೆಗೆ ಮುಂಚೆ ತೆಗೆದರಾಯಿತು. ಹೀಗೆ ಕಾಯಿಸಿದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಕಡಿಮೆಯಾಗಿರುತ್ತವೆ. ಆ ಖಾಲಿ ಜಾಗಕ್ಕೆ ಯಾರನ್ನು ಕೂರಿಸುತ್ತೇವೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಅಲ್ಲಿಗೆ ಟ್ರೈಕೋಡರ್ಮಾ. ಅದೂ ಒಂದು ಶಿಲೀಂಧ್ರವೇ. ಬೇರೆ ಶಿಲೀಂಧ್ರದ ಎಳೆಗಳನ್ನು ಸುತ್ತಿಕೊಂಡು, ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ಪೊಟ್ಟಣ ಬಿಚ್ಚಿ ಬುಡಕ್ಕೆ ಒಂದು ಚಮಚ ಉದುರಿಸಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಕಣಗಳಿರಬೇಕೆಂದು ನಿಯಮವಿದೆ ನಿಜ, ಆದರೆ ಹಸಿದ ಮಣ್ಣಿಗೆ ಹಾಕಿದರೆ ಅವು ಬದುಕುವುದು ಹೇಗೆ? ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ಮೊದಲು ಬೆಳೆಸಿಕೊಳ್ಳಬೇಕು. ಒಣಗಿದ ಸೆಗಣಿ ಹುಡಿ ತೊಂಬತ್ತು ಕಿಲೋ, ಬೇವಿನ ಹಿಂಡಿ ಹತ್ತು ಕಿಲೋ, ಟ್ರೈಕೋಡರ್ಮಾ ಒಂದರಿಂದ ಎರಡು ಕಿಲೋ. ಸಣ್ಣ ಹಿತ್ತಿಲಿಗೆ ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲು ಮಾಡಿ. ನೀರು ಚಿಮುಕಿಸಿ ಕಲಸುವಾಗ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ಮಳೆಯೂ ಬಿಸಿಲೂ ತಾಗದ ಕೊಟ್ಟಿಗೆಯ ಮೂಲೆಯಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿ ಮುಚ್ಚಿ. ಐದು ದಿನ ಕಳೆದ ಮೇಲೆ ಒಮ್ಮೆ ಮಗುಚಿ ಮತ್ತೆ ಮುಚ್ಚಿ. ಹದಿನೈದು ದಿನದ ಹೊತ್ತಿಗೆ ಗೋಣಿ ಎತ್ತಿದರೆ ಗುಡ್ಡೆಯ ಮೇಲೆ ಅಲ್ಲಲ್ಲಿ ಬಿಳಿ ಜೇಡಬಲೆ, ಅದರ ನಡುವೆ ಕಡುಹಸುರು ಹುಡಿ. ಕಾಡಿನ ಮಣ್ಣಿನ ವಾಸನೆ ಬಂದರೆ ಸರಿಯಾಗಿದೆ. ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದು ಅರ್ಥ, ಅದನ್ನು ತೆಂಗಿನ ಬುಡಕ್ಕೆ ಹಾಕಿ ಹೊಸದು ಮಾಡಿ.

ಬೇಕಾದದ್ದು ಹಳೆಯ ಸೆಗಣಿ, ಬಿಸಿಯಾಡುವ ಹಸಿ ಸೆಗಣಿಯಲ್ಲ. ಕಾಸರಗೋಡು ಗಿಡ್ಡ ಸಾಕುವವರು ತಮ್ಮ ಹಸುವಿನ ಸೆಗಣಿಯೇ ಶ್ರೇಷ್ಠ ಎಂದು ವಾದಿಸುತ್ತಾರೆ. ಆ ವಾದಕ್ಕೆ ನಾನು ಹೋಗುವುದಿಲ್ಲ, ಒಣಗಿದ್ದರೆ ಸಾಕು.

ಸ್ಯೂಡೋಮೊನಾಸ್ ಇದರ ಜತೆಗಾರ, ಅದು ಬ್ಯಾಕ್ಟೀರಿಯಾ. ಲೀಟರಿಗೆ 20 ಗ್ರಾಂ ಕಲಸಿ, ನೆಡುವ ಮೊದಲು ಸಸಿಯ ಬೇರನ್ನು ಅದರಲ್ಲಿ ಇಪ್ಪತ್ತು ನಿಮಿಷ ಅದ್ದಿಡಬಹುದು; ಸಂಜೆ ಹೊತ್ತು ಎಲೆಗೂ ಸಿಂಪಡಿಸಬಹುದು. ಇವೆರಡನ್ನೂ ಒಂದೇ ಬಕೆಟಿನಲ್ಲಿ ಕಲಸಬೇಡಿ. ಸುಣ್ಣ, ಬೂದಿ, ಮೈಲುತುತ್ತು ಇವುಗಳ ಜತೆಗಂತೂ ಬೇಡವೇ ಬೇಡ. ಪೊಟ್ಟಣದ ಮೇಲಿನ ತಯಾರಿಕೆಯ ತಾರೀಕು ನೋಡಿ ತೆಗೆದುಕೊಳ್ಳಿ. ಒಳಗಿರುವುದು ಜೀವ, ಆರು ತಿಂಗಳು ಬಿಸಿಲಿನ ಕಪಾಟಿನಲ್ಲಿ ಕೂತರೆ ನೀವು ಕೊಳ್ಳುವುದು ಬರೇ ಬಳಪದ ಕಲ್ಲಿನ ಹುಡಿ. ಅಂಗಡಿಯವನೇ ಇದನ್ನು ಹೇಳುತ್ತಿದ್ದೇನೆ, ನಂಬಿ.

ಬೋರ್ಡೋ ಬಗ್ಗೆ ಬರೆಯದೆ ಈ ಊರಿನಲ್ಲಿ ಮದ್ದಿನ ಮಾತು ಮುಗಿಯುವುದಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಮೈಲುತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುತುಪ್ಪಟ ಬಾರದ್ದನ್ನು ಗಮನಿಸಿದವರು ಮಿಲ್ಲಾರ್ಡೆ, 1885ರಲ್ಲಿ ಅದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಲ್ಲಿ ಮಕ್ಕಳಿಗೂ ಬಾಯಿಪಾಠ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕತ್ತಿಯ ಅಲಗು ಅದ್ದಿದಾಗ ಕೆಂಪು ಕೂತರೆ ಸುಣ್ಣ ಸಾಲದು ಎಂಬುದೂ ಗೊತ್ತು.

ಅಡಿಕೆಗೆ ಮದ್ದು ಬಿಟ್ಟು ಡ್ರಮ್ಮಿನಲ್ಲಿ ಉಳಿದದ್ದನ್ನು ಹಾಗೆಯೇ ಮುಳ್ಳುಸೌತೆಯ ಚಪ್ಪರಕ್ಕೆ ಹೊಡೆಯುವುದಿದೆಯಲ್ಲ, ಅದು ಬೇಡ. ಅಡಿಕೆ ಗೊನೆ ತಾಳಿಕೊಳ್ಳುವ ಶೇಕಡಾ ಒಂದರ ದ್ರಾವಣಕ್ಕೆ ಸೌತೆಯ ಎಳೆ ಎಲೆಯ ಅಂಚು ಸುಟ್ಟು ಮುರುಟುತ್ತದೆ. ಬೋರ್ಡೋವನ್ನು ಸಾವಯವ ಎಂದು ಕರೆಯುವವರಿಗೆ ಇನ್ನೊಂದು ಮಾತು: ಮೈಲುತುತ್ತಿನಲ್ಲಿರುವ ತಾಮ್ರ ಕೊಳೆಯುವುದಿಲ್ಲ, ಬಿದ್ದ ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳಕ್ಕೂ ನಿಮ್ಮ ಟ್ರೈಕೋಡರ್ಮಾಕ್ಕೂ ಆಗದು. ಯುರೋಪಿನಲ್ಲಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಬಾರದೆಂದು ಮಿತಿ ಹಾಕಿದ್ದಾರೆ. ಅಡಿಕೆಗೆ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಅಂಗಡಿಗೆ ಬೀಗ ಹಾಕಬೇಕು, ಮಹಾಳಿಗೆ ತೋಟವನ್ನೂ ಒಪ್ಪಿಸಬೇಕು. ತರಕಾರಿಯ ಸಾಲು ತೋಟದ ಅಂಚಿನಲ್ಲಿದ್ದರೆ ಮದ್ದು ಬಿಡುವ ದಿನ ಹಳೆಯ ಸೀರೆಯನ್ನೋ ಟಾರ್ಪಾಲನ್ನೋ ಮುಚ್ಚಿ, ಅಷ್ಟೆ.

ಮಳೆಗಾಲದ ಬೂಜುತುಪ್ಪಟಕ್ಕೆ ಹಾಗಾದರೆ ಏನು ಎಂದು ಕೇಳುತ್ತೀರಿ. ಬಳ್ಳಿಯನ್ನು ನೆಲದಲ್ಲಿ ಹರಿಯಲು ಬಿಡದೆ ಚಪ್ಪರಕ್ಕೆ ಏರಿಸಿ. ಬುಡದ ಹಳೆಯ ಎಲೆಗಳನ್ನು ಕಿತ್ತು ದೂರ ಒಯ್ದು ಹೂಳಿ, ಸಾಲಿನಲ್ಲೇ ಬಿಸಾಡಬೇಡಿ. ಎಲೆಯ ನಡುವೆ ಗಾಳಿ ಆಡಿ ಪಸೆ ಬೇಗ ಆರಬೇಕು. ಮಳೆ ಬಿಟ್ಟ ಸಂಜೆಗಳಲ್ಲಿ ಸ್ಯೂಡೋಮೊನಾಸ್, ಎಲೆಯ ಅಡಿಭಾಗಕ್ಕೆ. ಇಷ್ಟಾದರೂ ಮಿಥುನ ಕಳೆದು ಬರುವ ಆಟಿ ತಿಂಗಳಲ್ಲಿ ವಾರವಿಡೀ ಬಿಡದೆ ಹೊಯ್ದರೆ ರೋಗ ಬಂದೇ ಬರುತ್ತದೆ. ಸಾವಯವದಲ್ಲಿ ಆಟಿಯ ಮುಳ್ಳುಸೌತೆಯನ್ನು ಪೂರ್ತಿ ಉಳಿಸಿಕೊಡುತ್ತೇನೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಹೇಳಿದರೆ ಅವರ ಹಿತ್ತಿಲನ್ನು ಒಮ್ಮೆ ನೋಡಿ ಬನ್ನಿ. ಮಿಥುನದಲ್ಲೇ ಕಾಯಿ ಕೈಗೆ ಬರುವ ಹಾಗೆ ಮುಂಚಿತವಾಗಿ ಬಿತ್ತುವುದು ಯಾವ ಮದ್ದಿಗಿಂತಲೂ ಮೇಲು.

ಹರಿವೆಯ ವಿಷಯದಲ್ಲಿ ಮಾತ್ರ ಸುಲಭದ ಉಪಾಯವೊಂದಿದೆ. ಕೆಂಪು ಹರಿವೆಯ ಎಲೆಯಲ್ಲಿ ಮಳೆ ಹಿಡಿದ ಕೂಡಲೇ ಬೆಳ್ಳನೆಯ ಕಲೆಗಳಾಗಿ, ಆಮೇಲೆ ತೂತು ಬಿದ್ದು ಸೊಪ್ಪು ಮಾರಾಟಕ್ಕೆ ಆಗದೆ ಹೋಗುತ್ತದೆ. ರೈಜೋಕ್ಟೋನಿಯಾ ಎಂಬ ಮಣ್ಣಿನ ಶಿಲೀಂಧ್ರ ಅದು, ಮಳೆಹನಿ ನೆಲಕ್ಕೆ ಬಡಿದು ಸಿಡಿದ ಕೆಸರಿನ ಜತೆ ಎಲೆಗೆ ಏರುತ್ತದೆ. ನೆಲಕ್ಕೆ ತರಗೆಲೆ ಹಾಸಿ, ನೀರನ್ನು ಮೇಲಿನಿಂದ ಎರಚದೆ ಬುಡಕ್ಕೆ ಹಾಯಿಸಿ. ಇದರ ಜತೆಗೆ ಕೆಂಪು ಬೀಜದೊಂದಿಗೆ ಸಿಓ-1 ಎಂಬ ಹಸುರು ಹರಿವೆಯ ಬೀಜ ಬೆರೆಸಿ ಬಿತ್ತಬೇಕು. ಹಸುರಿಗೆ ಆ ರೋಗವನ್ನು ತಡೆಯುವ ಶಕ್ತಿ ಇದೆ, ನಡುನಡುವೆ ಅದು ನಿಂತರೆ ಕೆಂಪಿನಿಂದ ಕೆಂಪಿಗೆ ರೋಗ ಹಾರುವುದು ಕಡಿಮೆಯಾಗುತ್ತದೆ. ಕೃಷಿ ವಿಶ್ವವಿದ್ಯಾನಿಲಯದವರೇ ಹೇಳುವ ಕ್ರಮ ಇದು, ಖರ್ಚು ಒಂದು ಚಿಟಿಕೆ ಬೀಜ. ಹೀಗೆ ಬೆರೆಸಿ ಬಿತ್ತಿದರೆ ಪೇಟೆಯಲ್ಲಿ ಕೆಂಪಿಗೆ ಒಂದು ಕಟ್ಟು, ಹಸುರಿಗೆ ಒಂದು ಕಟ್ಟು ಎಂದು ಬಿಡಿಸಿ ಕಟ್ಟಬೇಕಲ್ಲ ಎಂದು ಗೊಣಗುವವರಿದ್ದಾರೆ. ಬಿಡಿಸುವುದೇಕೆ? ನಮ್ಮ ಮನೆಯಲ್ಲಿ ಎರಡನ್ನೂ ಒಟ್ಟಿಗೇ ಹೆಚ್ಚಿ ತಾಳು ಮಾಡುತ್ತಾರೆ, ಕೆಂಪಿನ ಬಣ್ಣ ಹಸುರಿಗೂ ಹತ್ತಿ ಬಾಣಲೆಯಲ್ಲಿ ಯಾವುದು ಯಾವುದೆಂದು ಗೊತ್ತೇ ಆಗುವುದಿಲ್ಲ.